ಯಾರ ಮನೆಯದನ್ನು ಕೇಳುವುದು

ಪ್ರಸನ್ನಕುಮಾರನ ಎರಡು ಕಿಡ್ನಿಯೂ ಕೈಕೊಟ್ಟ ಮೇಲೆ ಮಧುಗಿರಿಯ ಅವನ ಮನೆಯಲ್ಲಿ ಪ್ರತಿ ಬುಧವಾರ ಸಂಜೆ ಪ್ರಾರ್ಥನೆ ನಡೆಯುತ್ತಿತ್ತು. ಹೆಂಡತಿ ಶ್ರೀಲತಾಗೆ ಸಕ್ಕರೆ ಕಾಯಿಲೆ; ಅವಳ ಕಿಡ್ನಿ ತೆಗೆಯುವ ಹಾಗಿರಲಿಲ್ಲ. ತೀರಿಹೋದವರು ಯಾರಾದರೂ ದಾನ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಒಂದು ಬುಧವಾರ, ದೊಡ್ಡೇರಿಯಿಂದ ಬಸ್ಸಿನಲ್ಲಿ ಬರುವ ಮುನಿಯಮ್ಮ ಸೆರಗು ತಲೆಗೆ ಎಳೆದುಕೊಂಡು ಗಟ್ಟಿಯಾಗಿ ಬೇಡಿದಳು. "ಕರ್ತನೇ, ಬಿರ್‍ರನೆ ಒಂದು ಕಿಡ್ನಿ ಕೊಡ್ಸಪ್ಪ, ಈ ತಿಂಗ್ಳೇ ಕೊಡ್ಸಪ್ಪ."

ಮಂಚದ ಮೇಲಿದ್ದ ಪ್ರಸನ್ನಕುಮಾರ ಕಣ್ಣು ಬಿಟ್ಟ. "ಅಂಗೆ ಕೇಳ್ಬ್ಯಾಡ ಕಣಮ್ಮ."

"ಯಾಕಪ್ಪ?"

"ನಂಗೆ ಬಿರ್‍ರನೆ ಸಿಗ್ಬೇಕು ಅಂದ್ರೆ ಯಾರೋ ಬಿರ್‍ರನೆ ಸಾಯ್ಬೇಕಲ್ಲ. ಯಾರ್ ಮನೆ ಮಗನ್ನ ಕೇಳ್ತಾ ಇದೀವಿ?"

ಸಭಾಪಾಲಕ ಸಂಜೀವಯ್ಯನವರು ಕನ್ನಡಕ ತೆಗೆದು ಒರೆಸಿದರು. "ಇನ್ನೇನಂತ ಕೇಳೋದು, ಪ್ರಸನ್ನ?" ಅವರಿಗೂ ನಿಜಕ್ಕೂ ಗೊತ್ತಿರಲಿಲ್ಲ.

"ಆ ಮನೇನ ಕಾಪಾಡಪ್ಪ ಅನ್ನಿ. ಆ ಹುಡ್ಗ ಕ್ಷೇಮವಾಗಿ ಮನೆ ಸೇರ್ಲಿ ಅನ್ನಿ."

"ಅಂದ್ರೆ ನೀನು ಸಾಯ್ಲಿ ಅಂತ ಕೇಳ್ಬೇಕಾ ನಾನು?" ಎಂದು ಶ್ರೀಲತಾ ಎದ್ದು ಒಳಗೆ ಹೋದಳು.

ಆಮೇಲಿನ ವಾರಗಳಲ್ಲಿ ಎಲ್ಲರೂ ಅವನು ಹೇಳಿದಂತೆಯೇ ಬೇಡಿದರು. ಶ್ರೀಲತಾ ತುಟಿ ಆಡಿಸುತ್ತಿದ್ದಳು. ಮನಸ್ಸಿನೊಳಗೆ ಮಾತ್ರ ಕಿಡ್ನಿಯನ್ನೇ ಕೇಳುತ್ತಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಬೆಂಗಳೂರಿನ ಆಸ್ಪತ್ರೆಯಿಂದ ಫೋನ್ ಬಂತು. ಅಪಘಾತದಲ್ಲಿ ತೀರಿಹೋದ ಹುಡುಗನ ಒಂದು ಕಿಡ್ನಿ ಇದೆ, ಕೂಡಲೇ ಹೊರಟು ಬನ್ನಿ. ಅಲ್ಲಿಗೆ ಹೋದರೆ ಶಿರಾದ ಫಕ್ರುದ್ದೀನ್ ಎಂಬಾತ ತನ್ನ ಮಗಳು ಮಹಜಬೀನಳನ್ನು ಕರೆತಂದು ಕೂತಿದ್ದ. ಅವಳನ್ನೂ ಅದೇ ಕಿಡ್ನಿಗೇ ಕರೆಸಿದ್ದರು. ಇಬ್ಬರ ರಕ್ತವನ್ನೂ ತೆಗೆದುಕೊಂಡು ಹೋದರು. ಒಂದೇ ಬೆಂಚಿನಲ್ಲಿ ಎರಡು ಮನೆಯವರೂ ಕಾದರು.

ಕಿಡ್ನಿ ಮಹಜಬೀನಳಿಗೆ ಹೊಂದಿತು.

ಫಕ್ರುದ್ದೀನ್ ಖುಷಿಪಡಲಾರದೆ, ತಲೆ ಎತ್ತಲಾರದೆ ನಿಂತ. "ಮಾಫ್ ಮಾಡಿ ಅಣ್ಣ," ಎಂದ.

"ನೀನೇನ್ ಕಿತ್ಕೊಂಡ್ಯಾ? ಬುಡು," ಎಂದು ಪ್ರಸನ್ನಕುಮಾರ ಅವನ ಕೈ ಹಿಡಿದು, ಅಲ್ಲೇ ಕಣ್ಣು ಮುಚ್ಚಿ ಆ ಹುಡುಗಿಗಾಗಿಯೂ, ಮಗನನ್ನು ಕಳೆದುಕೊಂಡ ಮನೆಗಾಗಿಯೂ ಪ್ರಾರ್ಥಿಸಿದ. ಫಕ್ರುದ್ದೀನನೂ ಬೇಡಿಕೊಳ್ಳುತ್ತ ಇನ್ನೊಂದು ಅಂಗೈ ಬಿಡಿಸಿ ಹಿಡಿದ. ಶ್ರೀಲತಾ ಗೋಡೆಯ ಕಡೆ ತಿರುಗಿ ನಿಂತಳು. ವಾಪಸು ಬರುವಾಗ ಬಸ್ಸಿನಲ್ಲಿ ಗಂಡನ ಊದಿದ ಪಾದಗಳನ್ನು ಮಡಿಲಲ್ಲಿಟ್ಟುಕೊಂಡಳು. ಮಾಡಲು ಬೇರೇನೂ ಇರಲಿಲ್ಲ.

ಆ ಬುಧವಾರ ಅವನಿಗೆ ಎದ್ದು ಕೂರಲೂ ಆಗಲಿಲ್ಲ. ಮುನಿಯಮ್ಮ ಬಂದವಳೇ ಕೇಳಿದಳು, "ಶಿರಾದ ಹುಡ್ಗಿ ಹೆಂಗೈತಂತೆ?"

"ಚೆನ್ನಾಗೈತಂತೆ," ಎಂದ ಪ್ರಸನ್ನಕುಮಾರ ಮಲಗಿದಲ್ಲಿಂದಲೇ.

"ನಮ್ಮನೆ ಮಗೂನೇ ಬದುಕ್ದಂಗಾತು."

ಶ್ರೀಲತಾಗೆ ಅವಳ ಬಾಯಿ ಮುಚ್ಚಿಸಬೇಕೆನಿಸಿತು. "ನನ್ ಕೈಲಿ ಅಂಗನ್ನಕ್ಕೆ ಆಗಲ್ಲ ಮುನಿಯಮ್ಮ. ಪ್ರಾರ್ಥನೆ ಮಾಡಕ್ಕೂ ಆಗ್ತಿಲ್ಲ. ಬಾಯೇ ಬರ್ತಿಲ್ಲ."

ಮುನಿಯಮ್ಮ ಅವಳನ್ನು ಚಾಪೆಯ ಮೇಲೆ ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು. "ಆಗ್ದಿದ್ರೆ ಬ್ಯಾಡ. ನಿನ್ ಪಾಲಿಂದೂ ನಾವೇ ಮಾಡ್ತೀವಿ. ಸುಮ್ಕೆ ಕೂತ್ಕೊ."

ಸಂಜೀವಯ್ಯನವರು ಶುರು ಮಾಡಿದರು. ಮೊದಲು ಮಹಜಬೀನಳ ಹೆಸರು ಬಂತು, ಆಮೇಲೆ ಪ್ರಸನ್ನನದು. ಶ್ರೀಲತಾ ಆಮೆನ್ ಅನ್ನಲಿಲ್ಲ. ಮುನಿಯಮ್ಮನ ಹೆಗಲಿಗೆ ತಲೆಯಿಟ್ಟು, ಮಂಚದ ಮೇಲೆ ಗಂಡ ಏದುಸಿರು ಬಿಡುವುದನ್ನು ಕೇಳುತ್ತ ಕೂತಳು.