ಅಪರ್ಣಾಳ ಬುಟ್ಟಿಯ ಮೀನು

ಗ್ಯೋಟೋಕು ಊರಿನ ಕನ್ನಡದವರ ಹಬ್ಬದೂಟ ಎಂದರೆ ಅಪರ್ಣಾಳ ಕೈಯಡುಗೆ ಎಂದೇ ಅರ್ಥ. ಮೈಸೂರಿನ ಬ್ಯಾಂಕ್ ಕೆಲಸ ಬಿಟ್ಟು ಗಂಡ ಭುವನ್ ಜೊತೆ ಜಪಾನಿಗೆ ಬಂದವಳಿಗೆ ಇಲ್ಲಿ ತನ್ನದು ಅಂತ ಇದ್ದದ್ದು ಆ ಹೆಸರೊಂದೇ. ಈ ಸಲ ಯುಗಾದಿಗೆ ಮುಂಚೆಯೇ ಆ ಹೆಸರಿಗೆ ಮಸಿ ಬಿತ್ತು. ಯಾರೂ ಜಗಳವಾಡಲಿಲ್ಲ, ಯಾರೂ ಏನೂ ಕೇಳಲೂ ಇಲ್ಲ. ಬಳಗದ ಹಿರಿಯರಾದ ಇಂದಿರಮ್ಮನವರ ಮನೆಯ ಪೂಜೆಗೆ ಅವಳು ಒಯ್ದಿದ್ದ ಕೋಸಂಬರಿಯ ಡಬ್ಬಿ ಮುಚ್ಚಳ ಕೂಡ ತೆಗೆಯದೆ ವಾಪಸು ಬಂತು. ಆಮೇಲೆ ಕನ್ನಡದವರ ವಾಟ್ಸ್ಯಾಪ್ ಗ್ರೂಪಿನಲ್ಲಿ ಒಂದು ಮೆಸೇಜು: "ಈ ಸಲ ಅಡುಗೆ ಶ್ರಾವ್ಯಾ ನೋಡ್ಕೋತಾಳೆ. ಅಪರ್ಣಾ, ನೀನು ರೆಸ್ಟ್ ತಗೊಳ್ಳಮ್ಮ." ರೆಸ್ಟಂತೆ ರೆಸ್ಟು!

ಒಳಗಿನ ಕಥೆ ತಂದವನು ಭುವನ್. ಆಫೀಸಿಗೆ ಹೋಗುವ ರೈಲಿನಲ್ಲಿ ಗೆಳೆಯ ಸಂದೀಪ ಬಾಯಿಬಿಟ್ಟಿದ್ದ.

"ಸೂಪರ್‌ಮಾರ್ಕೆಟ್ಟಲ್ಲಿ ನಿನ್ನ ಬುಟ್ಟೀಲಿ ಒಣಮೀನಿನ ಪ್ಯಾಕೆಟ್ ಇತ್ತಂತೆ, ಶ್ರಾವ್ಯಾ ನೋಡಿದ್ಳಂತೆ. ನಿನ್ನ ಸಾಂಬಾರಿನ ರುಚಿಯ ಗುಟ್ಟು ಅದೇ ಅಂತ ಎಲ್ಲರೂ ಮಾತಾಡ್ಕೋತಿದಾರೆ ಕಣೇ," ಎಂದ ಭುವನ್.

ಅಪರ್ಣಾ ಕುಕ್ಕರಿನ ಮುಚ್ಚಳವನ್ನು ಕುಕ್ಕಿದಳು. "ಅಯ್ಯೋ ದೇವರೇ! ಅದು ಕೆಳಗಿನ ಮನೆ ಮೊರಿತಾ-ಸಾನ್‌ಗೆ ಕಣ್ರೀ. ಪಾಪ, ಕಾಲು ಮುರ್ಕೊಂಡು ಮಲಗಿದಾರೆ ಅಜ್ಜಿ. ಒಂದು ಮಾತು ಕೇಳಿದ್ರೆ ಇವಳ ಗಂಟೇನು ಹೋಗ್ತಿತ್ತು?"

"ಹಾಗಂತ ಗ್ರೂಪಲ್ಲಿ ಹಾಕ್ಬಿಡು."

"ಈಗ ಹಾಕಿದ್ರೆ ಸಿಕ್ಕಿಹಾಕ್ಕೊಂಡು ಕಥೆ ಕಟ್ತಿದಾಳೆ ಅಂತಾರೆ."

ಅದೂ ನಿಜವೇ. ಇಲಿ ಹೋಯಿತು ಎಂದರೆ ಹುಲಿ ಹೋಯಿತು ಎನ್ನುವ ಜನಕ್ಕೆ, ಹೋದದ್ದು ಇಲಿಯೂ ಅಲ್ಲ ಎಂದು ನಂಬಿಸುವುದು ಹೇಗೆ?

ಹೊಟ್ಟೆಯ ಉರಿಯನ್ನು ಅವಳು ತೋಡಿಕೊಂಡದ್ದು ನಾಲ್ಕನೇ ಮಹಡಿಯ ಶೋಶನಾ ಹತ್ತಿರ. ಶೋಶನಾ ಯಹೂದಿ ಹೆಂಗಸು, ಇಂಗ್ಲಿಷ್ ಟೀಚರು, ತಲೆ ಹಣ್ಣಾಗಿತ್ತು. ಅವಳ ಧರ್ಮದಲ್ಲೂ ಊಟಕ್ಕೆ ನೂರೆಂಟು ಕಟ್ಟಳೆ. ಜಪಾನಿನ ಪ್ಯಾಕೆಟ್ಟುಗಳ ಹಿಂಬದಿಯಲ್ಲಿ ಮೀನು, ಹಂದಿ ಎಂಬ ಅಕ್ಷರಗಳನ್ನು ಗುರುತಿಸಲು ಅಪರ್ಣಾಗೆ ಕಲಿಸಿದವಳೇ ಅವಳು.

"ನನಗೂ ಒಂದು ದಿನ ಬರುತ್ತೆ. ಆ ಶ್ರಾವ್ಯಾಳ ಮಾನ ಎಲ್ಲರೆದುರು ಹರಾಜು ಹಾಕದಿದ್ದರೆ ಕೇಳಿ," ಎಂದಳು ಅಪರ್ಣಾ.

ಶೋಶನಾ ಚಹಾ ಬಗ್ಗಿಸಿದಳು. "ನಮ್ಮ ಹಿರಿಯರು ನಾಲಿಗೆಗೂ ಕಟ್ಟಳೆ ಇಟ್ಟಿದ್ದಾರೆ. ಚಾಡಿ ಸುಳ್ಳಾದರಷ್ಟೇ ಪಾಪ ಅಂತಲ್ಲ, ನಿಜವಾದರೂ ಪಾಪ. ಕೇಳಿಸಿಕೊಂಡವರಿಗೂ ಪಾಲಿದೆ. ನಾಲ್ಕು ಜನರೆದುರು ಒಬ್ಬರ ಮುಖ ಬಿಳಿಚುವಂತೆ ಮಾಡಿದರೆ ರಕ್ತ ಹರಿಸಿದಷ್ಟೇ ತಪ್ಪು."

"ಹಾಗಾದರೆ ಬಾಯಿಗೆ ಬೀಗ ಹಾಕಿಕೊಂಡು ಇರಬೇಕಾ?"

"ಇಲ್ಲ. ಹೇಳದಿದ್ದರೆ ಬೇರೆಯವರಿಗೆ ಕೆಡುಕಾಗುತ್ತೆ ಅಂದರೆ ಹೇಳಲೇಬೇಕು. ಬೇಕಾದವರಿಗೆ ಮಾತ್ರ, ಬೇಕಾದಷ್ಟು ಮಾತ್ರ. ಲೇಬಲ್ ಓದದೆ ನಾವಿಬ್ಬರೂ ಏನನ್ನೂ ಬಾಯಿಗೆ ಹಾಕಲ್ಲ. ಬಾಯಿಂದ ಹೊರಗೆ ಬಿಡುವಾಗಲೂ ಸ್ವಲ್ಪ ಓದಿ ಬಿಡೋಣ."

"ನಿಮ್ಮ ಹಿರಿಯರಿಗೆ ನಮ್ಮ ವಾಟ್ಸ್ಯಾಪ್ ಗ್ರೂಪ್ ಗೊತ್ತಿರಲಿಲ್ಲ ಬಿಡಿ," ಎಂದು ಅಪರ್ಣಾ ಸಿಡುಕಿ ಎದ್ದು ಬಂದಳು. ಮಾತು ಮಾತ್ರ ಅವಳ ಹಿಂದೆಯೇ ಬಂತು.

ಯುಗಾದಿಯ ಭಾನುವಾರ ಸಮುದಾಯ ಭವನ ರೇಷ್ಮೆ ಸೀರೆಗಳಿಂದ ತುಂಬಿತ್ತು. ಅಪರ್ಣಾ ತಲೆ ಎತ್ತಿಕೊಂಡೇ ಹೋದಳು. ಮುಖ ಮರೆಸಲು ಅವಳೇನು ಕಳ್ಳಿಯೇ? ನೀರಿನ ಜಗ್ಗು ತುಂಬಲು ಅಡುಗೆಮನೆಗೆ ಹೋದರೆ ಅಲ್ಲಿ ಯಾರೂ ಇರಲಿಲ್ಲ. ಒಲೆಯ ಮೇಲೆ ದೊಡ್ಡ ಬಾಣಲೆಯಲ್ಲಿ ಗೋಬಿ ಮಂಚೂರಿ ಘಮಘಮಿಸುತ್ತಿತ್ತು. ಯುಗಾದಿಗೆ ಗೋಬಿ ಮಂಚೂರಿ! ಮಕ್ಕಳ ಹಟ ಇರಬೇಕು. ಪಕ್ಕದಲ್ಲಿ ಖಾಲಿಯಾದ ಸೋಯಾ ಸಾಸ್ ಬಾಟಲಿ. ಅಭ್ಯಾಸಬಲ, ಅಪರ್ಣಾಳ ಕೈ ಅದನ್ನು ತಿರುಗಿಸಿತು. ಹಿಂಬದಿಯಲ್ಲಿ ಮೀನಿನ ಅಕ್ಷರ ಎದ್ದು ಕಾಣುತ್ತಿತ್ತು. ಅದು ಬರೀ ಸೋಯಾ ಅಲ್ಲ, ಒಣಮೀನಿನ ಸಾರು ಬೆರೆಸಿದ ಸೋಯಾ.

ಬೇಡಿಕೊಂಡ ದಿನ ಬಾಗಿಲಿಗೇ ಬಂದು ನಿಂತಿತ್ತಲ್ಲ! ಬಾಟಲಿಯ ಫೋಟೋ ತೆಗೆದಳು, ಗ್ರೂಪ್ ತೆರೆದಳು. ಒಂದು ಸಲ ಒತ್ತಿದರೆ ಸಾಕು, ಶ್ರಾವ್ಯಾ ಮತ್ತೆ ಈ ಊರಲ್ಲಿ ಸೌಟು ಹಿಡಿಯುವಂತಿರಲಿಲ್ಲ. ಸುಳ್ಳೂ ಅಲ್ಲ, ಅಪ್ಪಟ ನಿಜ. ಬೆರಳು ಅಲ್ಲೇ ನಿಂತಿತು. ಮುಚ್ಚಳ ತೆಗೆಯದೆ ಬಂದ ಕೋಸಂಬರಿ ಡಬ್ಬಿ ನೆನಪಾಯಿತು. ಅವತ್ತು ಅಡುಗೆಮನೆಯಲ್ಲಿ ಒಬ್ಬಳೇ ಕೂತು ಅತ್ತದ್ದೂ ನೆನಪಾಯಿತು. ಥೂ, ಆ ಸಂಕಟ ಶತ್ರುವಿಗೂ ಬೇಡ ಅನ್ನಿಸಿತು. ಫೋಟೋ ಅಳಿಸಿ, ಬಾಗಿಲ ಹತ್ತಿರ ಹೋಗಿ ಮೆಲ್ಲಗೆ ಕರೆದಳು.

"ಶ್ರಾವ್ಯಾ, ಒಂಚೂರು ಬಾರೇ ಇಲ್ಲಿ."

ಅಕ್ಷರ ತೋರಿಸಿದಾಗ ಶ್ರಾವ್ಯಾಳ ಮುಖ ಸುಣ್ಣವಾಯಿತು. "ಅಕ್ಕಾ... ಸೋಯಾ ಅಂತ ತಂದೆ, ಓದೋಕೆ ಬರಲ್ಲ. ಈಗ ಹೊರಗೆ ಗೊತ್ತಾದ್ರೆ..."

"ನನ್ನ ಬಾಯಿಂದ ಗೊತ್ತಾಗಲ್ಲ. ಆದ್ರೆ ಈ ಬಾಣಲೆ ಹೊರಗೆ ಹೋಗಬಾರದು. ಸಾಸ್ ಸೇರದ ಗೋಬಿ ಉಳಿದಿದೆಯಾ?"

"ಅರ್ಧ ಇದೆ."

"ಸಾಕು. ನೀನು ಬೇರೆ ಬಾಣಲೆ ತೊಳೆದು ಈರುಳ್ಳಿ ಹೆಚ್ಚು. ನಾನು ಮೂಲೆಯ ಕೊಂಬಿನಿ ಅಂಗಡಿಗೆ ಓಡಿಹೋಗಿ ಒಳ್ಳೇ ಸೋಯಾ ತರ್ತೀನಿ."

ಅಪರ್ಣಾ ರೇಷ್ಮೆ ಸೀರೆ ಎತ್ತಿ ಕಟ್ಟಿ ಓಡಿದಳು, ಲೇಬಲ್ ಓದಿ ತಂದಳು, ಒಲೆಯ ಮುಂದೆ ನಿಂತಳು. ಶ್ರಾವ್ಯಾ ಹೆಚ್ಚುತ್ತಲೇ ಕೇಳಿದಳು: "ಅಕ್ಕಾ, ಅವತ್ತು ನಿಮ್ಮ ಬುಟ್ಟೀಲಿ ಇದ್ದಿದ್ದು?"

"ಮೊರಿತಾ-ಸಾನ್‌ಗೆ. ಓಡಾಡೋಕಾಗಲ್ಲ ಅವರಿಗೆ. ಕೇಳಿದ್ರೆ ಅವತ್ತೇ ಹೇಳ್ತಿದ್ದೆ."

ಶ್ರಾವ್ಯಾಳ ಕಣ್ಣೀರು ಈರುಳ್ಳಿಯದಾಗಿರಲಿಲ್ಲ.

ಎಲ್ಲರೂ ಊಟಕ್ಕೆ ಕೂತಾಗ ಅವಳು ಸೀದಾ ಹೋಗಿ ಸಂದೀಪನ ಕೈಯಿಂದ ಮೈಕು ಕಿತ್ತುಕೊಂಡಳು. ಬೇಡ ಎಂದು ಅಪರ್ಣಾ ದೂರದಿಂದ ಕೈಯಾಡಿಸಿದಳು. ಅವಳು ಕೇಳಬೇಕಲ್ಲ!

"ಅಪರ್ಣಕ್ಕ ಸಾಂಬಾರಿಗೆ ಮೀನು ಹಾಕ್ತಾರೆ ಅಂತ ಹಬ್ಬಿಸಿದ್ದು ನಾನು. ಸುಳ್ಳು ಅದು. ಬುಟ್ಟಿ ನೋಡಿದೆ, ಅವರನ್ನ ಕೇಳ್ಲಿಲ್ಲ. ಕಾಲು ಮುರಿದ ಅಜ್ಜಿಗೆ ತಗೊಂಡು ಹೋಗ್ತಿದ್ರು. ಇವತ್ತು ಗೊತ್ತಿಲ್ಲದೆ ಗೋಬಿಗೆ ಮೀನಿನ ಸಾಸ್ ಹಾಕಿದ್ದು ನಾನು. ಕಂಡುಹಿಡಿದು, ನನ್ನೊಬ್ಬಳಿಗೇ ಹೇಳಿ, ಬೇರೆ ಮಾಡಿಕೊಟ್ಟಿದ್ದು ಅವರು. ಅಕ್ಕಾ, ತಪ್ಪಾಯ್ತು."

ಎಷ್ಟೋ ಜನರ ತಲೆ ತಟ್ಟೆಯ ಕಡೆ ಬಗ್ಗಿತು. ಕೇಳಿಸಿಕೊಂಡವರ ಪಾಲು ಅವರವರಿಗೆ ಸಿಕ್ಕಿತ್ತು. ಮೊದಲು ಎದ್ದವರು ಇಂದಿರಮ್ಮ. ಮಂಡಿನೋವಿನ ಜೀವ, ತಟ್ಟೆ ಹಿಡಿದು ಅಷ್ಟು ದೂರ ನಡೆದು ಅಪರ್ಣಾಳ ಮುಂದೆ ನಿಂತರು.

"ನಿನ್ನ ಡಬ್ಬಿ ವಾಪಸು ಕಳಿಸಿದ ಕೈ ಇದು ಕಣಮ್ಮ. ನೀನೇ ಬಡಿಸು, ಇಲ್ಲದಿದ್ರೆ ನಾನು ಉಣ್ಣಲ್ಲ."

ಅವರ ಹಿಂದೆ ಇನ್ನೊಂದು ತಟ್ಟೆ, ಅದರ ಹಿಂದೆ ಮತ್ತೊಂದು. ನೋಡನೋಡುತ್ತ ಸಾಲು ಬಾಗಿಲು ದಾಟಿತು. ಅಪರ್ಣಾ ಸೆರಗು ಸಿಕ್ಕಿಸಿ ಬಡಿಸಿದಳು. ಕಣ್ಣು ಒರೆಸಿಕೊಳ್ಳಲೂ ಪುರುಸೊತ್ತಿರಲಿಲ್ಲ. ಗೆದ್ದೆ ಎಂದು ಕೂಗಬೇಕೆನ್ನಿಸುವಷ್ಟು ಖುಷಿ ಅವಳಿಗೆ.

"ಮುಂದಿನ ಹಬ್ಬದ ಅಡುಗೆ ಯಾರದಮ್ಮಾ?" ಎಂದು ಸಾಲಿನಿಂದ ಯಾರೋ ಕೂಗಿದರು.

ಅಪರ್ಣಾ ಮೂಲೆಯಲ್ಲಿ ನಿಂತಿದ್ದ ಶ್ರಾವ್ಯಾಳನ್ನು ಎಳೆದು ತನ್ನ ಪಕ್ಕ ನಿಲ್ಲಿಸಿಕೊಂಡು, ಅವಳ ಕೈಗೆ ಸೌಟು ಕೊಟ್ಟಳು.

"ನಮ್ಮಿಬ್ಬರದು. ಲೇಬಲ್ ಓದೋದನ್ನ ನಾನು ಇವಳಿಗೆ ಕಲಿಸ್ತೀನಿ."