ವಾರಕ್ಕೊಮ್ಮೆ ಮಾತ್ರ ಹಾರ್ನ್

ಆ ಬೀದಿಗೆ ಬೆಳಗಾಗುತ್ತಿದ್ದುದೇ ಗಾರೆ ಮೇಸ್ತ್ರಿಯ ಮೊಪೆಡ್ ಹಾರ್ನಿನಿಂದ. ಮುಂದೆ ಮಗಳು ಓಡುತ್ತಿದ್ದಳು, ಹಿಂದೆ ಅಪ್ಪ ಹಳೆಯ ಮೊಪೆಡ್ ಮೇಲೆ ಕುಳಿತು ಬರುತ್ತಿದ್ದ. ಅವಳ ವೇಗ ಚೂರು ತಗ್ಗಿದರೆ ಸಾಕು, ಮಲಗಿದ್ದವರೆಲ್ಲ ಎದ್ದು ಕೂರುವಂತೆ ಹಾರ್ನ್ ಒತ್ತುತ್ತಿದ್ದ.

"ಓಡು ಮಗಳೇ, ಓಡು! ಹಿಂದೆ ನಾಯಿ ಬಿದ್ದಿದೆ ಅಂದ್ಕೋ!"

"ನಾಯಿಯಾಗಿದ್ರೆ ಇಷ್ಟೊತ್ತಿಗೆ ಸುಸ್ತಾಗಿ ವಾಪಸ್ ಹೋಗಿರೋದು ಅಪ್ಪಾ," ಎಂದು ಅವಳು ಏದುಸಿರು ಬಿಡುತ್ತಲೇ ಹೇಳುತ್ತಿದ್ದಳು.

ಕಿಟಕಿ ತೆರೆದು ಬೈಯುವವರು ಬೈದರು. ಮೇಸ್ತ್ರಿ ಕಿವಿಗೆ ಹಾಕಿಕೊಳ್ಳಲಿಲ್ಲ. ಮಗಳಿಗೆ ಅಗ್ನಿಶಾಮಕ ದಳ ಸೇರುವ ಆಸೆ. ಬರೆಯುವ ಪರೀಕ್ಷೆ ಅವಳಿಗೆ ನೀರು ಕುಡಿದಷ್ಟು ಸುಲಭ. ತೊಡಕಿದ್ದದ್ದು ಓಟದಲ್ಲಿ. ಹಿಂದಿನ ಸಲ ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಮುಂದಿದ್ದವಳು, ಕೊನೆಯ ಸುತ್ತು ಮುಗಿಸಲಾಗದೆ ಹೊಟ್ಟೆ ಹಿಡಿದುಕೊಂಡು ಮೈದಾನದಲ್ಲೇ ಕುಳಿತುಬಿಟ್ಟಿದ್ದಳು. ಈ ಸಲವೂ ಕೈತಪ್ಪಿದರೆ ವಯಸ್ಸಿನ ಮಿತಿ ದಾಟುತ್ತದೆ, ಮತ್ತೆ ಅರ್ಜಿ ಹಾಕುವಂತಿಲ್ಲ. ಇದೇ ಕೊನೆಯ ಅವಕಾಶ.

ಹಾಗಾಗಿ ಮೇಸ್ತ್ರಿ ತಾನೇ ಕೋಚ್ ಆಗಿ ನಿಂತಿದ್ದ. ಟೇಪು ಹಿಡಿದು ಮೈದಾನಕ್ಕೆ ಹೋಗಿ, ಪರೀಕ್ಷೆಯ ಓಟ ಎಷ್ಟು ದೂರವೋ ಅಷ್ಟನ್ನೂ ಅಳೆದು ಸುಣ್ಣದ ಗೆರೆ ಹಾಕಿದ್ದ. ದಿನಾ ಅಷ್ಟೇ ದೂರ, ದಿನಾ ಪರೀಕ್ಷೆಯ ವೇಗ. ರಜೆ ಎನ್ನುವ ಮಾತು ಎತ್ತುವ ಹಾಗಿರಲಿಲ್ಲ.

ಕೆಲವು ವಾರಗಳಲ್ಲಿ ಅವಳ ವೇಗ ಏರಬೇಕಾಗಿತ್ತು. ಇಳಿಯಿತು. ಹಗಲೆಲ್ಲ ಪೇಂಟ್ ಅಂಗಡಿಯಲ್ಲಿ ನಿಂತು ಡಬ್ಬ ತೆಗೆದುಕೊಡುವ ಕೆಲಸ ಅವಳದು. ಈಗ ಗಿರಾಕಿ ಇಲ್ಲದಾಗ ಕೌಂಟರ್ ಹಿಂದೆ ಒಂದು ಕಾಲನ್ನು ಡಬ್ಬದ ಮೇಲಿಟ್ಟು ಮೊಳಕಾಲ ಕೆಳಗಿನ ಮೂಳೆ ಒತ್ತಿಕೊಳ್ಳುತ್ತಿದ್ದಳು. ಮನೆಗೆ ಬಂದರೆ ತಟ್ಟೆಯ ಮುಂದೆಯೇ ತೂಕಡಿಕೆ.

"ರೀ, ಮಗಳನ್ನ ಓಡಿಸ್ತಿದ್ದೀರೋ, ಅಟ್ಟಿಸ್ಕೊಂಡು ಹೋಗ್ತಿದ್ದೀರೋ?" ಎಂದು ಹೆಂಡತಿ ಕೇಳಿಯೇಬಿಟ್ಟಳು.

"ಮೈ ಮುರಿದು ದುಡೀದೆ ಯಾರೇ ಮೇಲೆ ಬಂದಿದಾರೆ ಹೇಳು?"

"ಮೈ ಮುರೀತಿರೋದು ಅವಳದು. ನೀವು ಕೂತಿರೋದು ಮೊಪೆಡ್ ಮೇಲೆ."

ಮೇಸ್ತ್ರಿ ಎದ್ದ. ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೊರಟುಬಿಟ್ಟ.

ಆಗ ಅವನ ಕೆಲಸ ನಡೆಯುತ್ತಿದ್ದದ್ದು ಆರೋಗ್ಯ ಕೇಂದ್ರದಲ್ಲಿ. ಅಲ್ಲಿ ಹೊಸ ಕೋಣೆಗೆ ಚಾವಣಿ ಹಾಕಿದ್ದ. ಅಲ್ಲಿನ ನರ್ಸಮ್ಮ ಇವರದೇ ಬೀದಿಯವರು. ಅವರೂ ದಿನಾ ಬೆಳಿಗ್ಗೆ ಓಡುತ್ತಿದ್ದರು. ಓಟವೆಂದರೆ ಎಂಥ ಓಟ! ದಾರಿಯಲ್ಲಿ ಸಿಕ್ಕವರ ಬಿಪಿ, ಶುಗರ್, ಸೊಸೆಯ ಬಾಣಂತನ ಎಲ್ಲ ವಿಚಾರಿಸುತ್ತ, ನಗುತ್ತ ಹೋಗುವ ಓಟ. ಅದಕ್ಕೇ ಮೇಸ್ತ್ರಿ ಅವರಿಗೆ, ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ರೈಲಿನ ಹಾಗೆ, 'ಪ್ಯಾಸೆಂಜರ್ ಸಿಸ್ಟರ್' ಎಂದು ಹೆಸರಿಟ್ಟಿದ್ದ. ಹೆಸರು ಬೀದಿಗೆಲ್ಲ ಹಬ್ಬಿ, ಕೊನೆಗೆ ಅವರ ಕಿವಿಗೂ ಬಿದ್ದಿತ್ತು. ಪಕ್ಕದ ಪಟ್ಟಣದವರೆಗೂ ಓಡಿ ಬಂದು ನೆಟ್ಟಗೆ ಡ್ಯೂಟಿಗೆ ಹೋಗುವ ಶಕ್ತಿ ಅವರಿಗೆ ಎಲ್ಲಿಂದ ಬಂತು ಎಂದು ಮಾತ್ರ ಯಾರೂ ಕೇಳಿರಲಿಲ್ಲ.

ಅಂದು ಮೇಸ್ತ್ರಿ ಹೊಸ ಚಾವಣಿಯ ಮೇಲೆ ಗಾರೆಯ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತಿದ್ದ. ಕಂಟ್ರಾಕ್ಟರನ ಫೋನ್ ಬಂತು. ಚಾವಣಿಯ ಕೆಳಗೆ ಆಸರೆ ಕೊಟ್ಟಿದ್ದ ಸೆಂಟ್ರಿಂಗ್ ಹಲಗೆ, ಕಂಬಗಳು ಬೇರೆ ಸೈಟಿಗೆ ಬೇಕಂತೆ, ನಾಳೆಯೇ ಬಿಚ್ಚಬೇಕಂತೆ. ಮೇಸ್ತ್ರಿಗೆ ಎಲ್ಲಿತ್ತೋ ಸಿಟ್ಟು.

"ನಾಳೆ ಬಿಚ್ಚಿದ್ರೆ ನಾಡಿದ್ದು ನಿಮ್ಮ ತಲೆ ಮೇಲೆ ಬೀಳುತ್ತೆ, ಆಗಬಹುದಾ? ಹಾಕಿದ ಕೂಡಲೇ ಕಾಂಕ್ರೀಟಿಗೆ ಬಲ ಬರಲ್ಲ ಸ್ವಾಮಿ. ನೀರು ಕುಡಿಸ್ಬೇಕು, ಸುಮ್ನೆ ಬಿಡ್ಬೇಕು. ಸುಮ್ನೆ ಬಿಟ್ಟಾಗಲೇ ಅದು ಗಟ್ಟಿಯಾಗೋದು. ನನ್ನ ಕೈಯಲ್ಲಿ ಹಾಕಿದ ಒಂದು ಚಾವಣಿನೂ ಇವತ್ತಿನ ತನಕ ಬಿರುಕು ಬಿಟ್ಟಿಲ್ಲ!"

ಕೆಳಗೆ ನಿಂತು ಕೇಳುತ್ತಿದ್ದ ಸಿಸ್ಟರ್ ತಲೆ ಎತ್ತಿ, "ಸರಿಯಾಗಿ ಹೇಳಿದ್ರಿ ಮೇಸ್ತ್ರಿ," ಎಂದರು. "ಮಗಳ ಕಾಲಿನ ಸೆಂಟ್ರಿಂಗ್ ಮಾತ್ರ ಯಾಕೆ ದಿನಾ ಬಿಚ್ತಿದ್ದೀರಿ?"

ಮೇಸ್ತ್ರಿ ಕೈಯಲ್ಲಿದ್ದ ಪೈಪಿನಿಂದ ನೀರು ಸುಮ್ಮನೆ ಸುರಿಯುತ್ತಿತ್ತು. ಅವನು ಏಣಿ ಇಳಿದು ಬಂದ.

"ಏನ್ ಸಿಸ್ಟರ್ ಹೀಗಂದ್ರಿ?"

"ಅವಳು ಕುಂಟ್ತಿದಾಳೆ. ನೀವು ನೋಡಿಲ್ಲ, ಯಾಕಂದ್ರೆ ನೀವು ಗೆರೆ ನೋಡ್ತೀರಿ. ಇವತ್ತು ಸಂಜೆ ಡಾಕ್ಟರ ಹತ್ರ ಕರ್ಕೊಂಡು ಬನ್ನಿ."

ಡಾಕ್ಟರು ಕಾಲು ಒತ್ತಿ ನೋಡಿದರು, ಎಕ್ಸ್‌ರೇ ತೆಗೆಸಿದರು. ಮೂಳೆ ಬಿರುಕು ಬಿಟ್ಟಿಲ್ಲ, ಆದರೆ ಹೀಗೇ ಓಡಿದರೆ ಬಿಡಬಹುದು ಎಂದರು. ನೋವು ಹೋಗುವವರೆಗೂ ಓಟ ನಿಲ್ಲಬೇಕು. ರಕ್ತ ಪರೀಕ್ಷೆಯಲ್ಲಿ ಕಬ್ಬಿಣದಂಶ ಕಡಿಮೆ ಇರುವುದೂ ಗೊತ್ತಾಯಿತು, ಅದಕ್ಕೆ ಮಾತ್ರೆ ಬರೆದುಕೊಟ್ಟರು. ಮಗಳು ಹೊರಗಿನ ಬೆಂಚಿನ ಮೇಲೆ ಕುಳಿತು ಗಳಗಳ ಅತ್ತಳು.

"ಎಲ್ಲಾ ಮುಗೀತು ಅಪ್ಪಾ. ಓಡ್ಲಿಲ್ಲ ಅಂದ್ರೆ ಹೇಗೆ ಪಾಸಾಗ್ಲಿ?"

ಮೇಸ್ತ್ರಿ ಅವಳ ಪಕ್ಕದಲ್ಲಿ ಕುಳಿತ. ಸಿಸ್ಟರ್ ಇಬ್ಬರ ನಡುವೆ ಬಂದು ಕುಳಿತರು.

"ಏನೂ ಮುಗಿದಿಲ್ಲ ಪುಟ್ಟಾ. ಇನ್ನೂ ಕೆಲವು ತಿಂಗಳಿದೆ. ನೋವು ಪೂರ್ತಿ ಹೋಗ್ಲಿ, ಆಮೇಲೆ ಮೊದಲು ನಡಿಗೆ. ನಡಿಗೆ ಮಧ್ಯೆ ಸ್ವಲ್ಪ ಓಟ. ಆಮೇಲೆ ಓಟ ಜಾಸ್ತಿ, ನಡಿಗೆ ಕಮ್ಮಿ. ಎಲ್ಲಾ ನಿಧಾನಕ್ಕೆ."

ಮೇಸ್ತ್ರಿ ತಲೆ ಕೆರೆದುಕೊಂಡ. "ಬೇಜಾರು ಮಾಡ್ಕೋಬೇಡಿ ಸಿಸ್ಟರ್. ನಿಧಾನಕ್ಕೆ ಓಡಿದ್ರೆ ಜೋರಾಗಿ ಓಡೋದು ಹೇಗೆ ಬರುತ್ತೆ? ಇದು ಯಾವ ಲೆಕ್ಕ?"

"ನಿಧಾನ ಓಟದಲ್ಲಿ ಗುಂಡಿಗೆ, ಉಸಿರು ಗಟ್ಟಿಯಾಗುತ್ತೆ. ಮೂಳೆಗೂ ತಾಳೋ ಶಕ್ತಿ ಬರುತ್ತೆ. ಅದು ಪಾಯ. ವೇಗ ಅದರ ಮೇಲೆ ಕಟ್ಟೋ ಗೋಡೆ. ವಾರಕ್ಕೆ ಒಂದು ದಿನ ಮಾತ್ರ ಚೂರು ಚೂರು ಜೋರಾಗಿ ಓಡ್ಲಿ. ಒಂದೆರಡು ದಿನ ಪೂರ್ತಿ ರಜೆ. ನೀವು ಅವಳಿಗೆ ದಿನಾ ಪರೀಕ್ಷೆ ಇಟ್ರಿ ಮೇಸ್ತ್ರಿ. ದಿನಾ ಪರೀಕ್ಷೆ ಬರೀತಾ ಕೂತ್ರೆ ಓದೋದು ಯಾವಾಗ?"

"ನಿಧಾನ ಅಂದ್ರೆ ಎಷ್ಟು ನಿಧಾನ? ಅಳತೆ ಹೇಳಿ."

"ಮಾತಾಡ್ಕೊಂಡು ಓಡೋಕೆ ಆಗ್ಬೇಕು. ಮಾತು ತುಂಡಾದ್ರೆ ವೇಗ ಹೆಚ್ಚಾಯ್ತು ಅಂತ ಅರ್ಥ. ಅವಳು ನಿಧಾನ ಓಡೋ ದಿನ ನೀವು ಮೊಪೆಡ್ ಬಿಟ್ಟು ಸೈಕಲ್ ತಗೊಳ್ಳಿ. ಪಕ್ಕದಲ್ಲೇ ಹೋಗಿ ಮಾತಾಡಿಸಿ. ಇನ್ಮೇಲೆ ಕೋಚ್ ಕೆಲಸ ಅಂದ್ರೆ ಅದು."

"ಹಾರ್ನ್?"

"ವಾರಕ್ಕೊಮ್ಮೆ, ಜೋರು ಓಟದ ದಿನ ಮೈದಾನದಲ್ಲಿ ಒತ್ಕೊಳ್ಳಿ. ಬೀದಿಯವರೂ ನಿದ್ದೆ ಮಾಡ್ಲಿ."

ನೋವು ಹೋದ ಮೇಲೆ ಹೊಸ ಪಾಠ ಶುರುವಾಯಿತು. ಮೊದಲ ದಿನ ಅಪ್ಪ ಮಗಳಿಗೆ ಏನು ಮಾತಾಡುವುದೆಂದೇ ತಿಳಿಯಲಿಲ್ಲ. ಮೇಸ್ತ್ರಿ ಸಿಮೆಂಟಿನ ಬಗ್ಗೆ, ಸಿಸ್ಟರ್ ಆಡಿದ ಸೆಂಟ್ರಿಂಗ್ ಮಾತಿನ ಬಗ್ಗೆ ಹೇಳಿದ, ಮಗಳು ಪೇಂಟಿನ ಬಗ್ಗೆ ಹೇಳಿದಳು. ಆಮೇಲಾಮೇಲೆ ಮಾತು ತಾನಾಗಿ ಬಂತು. ಒಂದು ಬೆಳಿಗ್ಗೆ ಅವನು ಬಹಳ ದಿನದಿಂದ ಕೇಳಬೇಕೆಂದಿದ್ದುದನ್ನು ಕೇಳಿದ.

"ಅಲ್ಲಮ್ಮಾ, ಅಷ್ಟೊಂದು ಕೆಲಸ ಇರುವಾಗ ಬೆಂಕಿ ಆರಿಸೋ ಕೆಲಸನೇ ಯಾಕೆ ನಿನಗೆ?"

"ಏಣಿಗೋಸ್ಕರ ಅಪ್ಪಾ."

"ಏಣಿಗಾ?"

"ಚಿಕ್ಕೋಳಿದ್ದಾಗ ರಜೆಯಲ್ಲಿ ನಿನ್ನ ಸೈಟಿಗೆ ಊಟ ತರ್ತಿದ್ದೆ ನೆನಪಿದೆಯಾ? ನೀನು ಕೆಳಗೆ ಏಣಿ ಹಿಡ್ಕೊಂಡು, 'ಹತ್ತು, ನಾನಿದೀನಿ' ಅಂತಿದ್ದೆ. ಮೇಲೆ ನಿಂತ್ರೆ ನನಗೆ ಭಯಾನೇ ಆಗ್ತಿರ್ಲಿಲ್ಲ. ಆ ಧೈರ್ಯ ನಾಲ್ಕು ಜನಕ್ಕೆ ಉಪಯೋಗ ಆಗ್ಲಿ ಅಂತ."

ಈ ಗಾರೆಯ ಕೆಲಸವೆಂದರೆ ಮಗಳಿಗೆ ನಾಚಿಕೆಯೇನೋ ಎಂದು ಅವನು ಇಷ್ಟು ವರ್ಷ ಒಳಗೊಳಗೇ ಅಂದುಕೊಂಡಿದ್ದ. "ಅಲ್ಲಮ್ಮಾ, ನಾನು..." ಎನ್ನುವಷ್ಟರಲ್ಲಿ ಸೈಕಲ್ಲಿನ ಹ್ಯಾಂಡಲ್ ಆಚೀಚೆ ಹೊರಳಿತು. "ಅಪ್ಪಾ, ನಿನ್ನ ಮಾತು ತುಂಡಾಯ್ತು. ನಿಧಾನ," ಎಂದು ಮಗಳು ನಕ್ಕಳು.

ಹಾಗೆಂದು ಅವನ ಸಂಶಯ ಒಂದೇ ಸಲ ಹೋಗಿಬಿಡಲಿಲ್ಲ. ಜೋರು ಓಟದ ದಿನವೊಂದರಲ್ಲಿ, ಮಗಳು ಎರಡು ಓಟದ ನಡುವೆ ದಣಿವಾರಿಸಿಕೊಳ್ಳಲು ನಡೆಯುತ್ತಿದ್ದಾಗ, ಅದೇ ಪರೀಕ್ಷೆಗೆ ತಯಾರಾಗುತ್ತಿದ್ದ ಬೇರೆ ಹುಡುಗಿಯರು ಬಾಣದ ಹಾಗೆ ಅವಳನ್ನು ದಾಟಿ ಹೋದರು. ಮೇಸ್ತ್ರಿಯ ಹೆಬ್ಬೆರಳು ತಾನಾಗಿ ಹಾರ್ನಿನ ಮೇಲೆ ಹೋಯಿತು. ಮಗಳು ದೂರದಿಂದಲೇ ಕಂಡಳು.

"ಅಪ್ಪಾ, ಸೆಂಟ್ರಿಂಗ್ ಬಿಚ್ಬೇಡ!"

ಅವನು ಕೈ ತೆಗೆದು ಜೇಬಿಗಿಟ್ಟುಕೊಂಡ.

ದಿನ ಕಳೆದಂತೆ ಗುಣ ಕಾಣಿಸಿತು. ಅದೇ ಉಸಿರಿನಲ್ಲಿ ಮಗಳು ಮೊದಲಿಗಿಂತ ದೂರ ಹೋಗುತ್ತಿದ್ದಳು. ಸೈಕಲ್ ತುಳಿಯುವ ಅಪ್ಪನಿಗೇ ಏದುಸಿರು ಬರತೊಡಗಿತು. ಮನೆಯಲ್ಲಿ ಅಮ್ಮ ಹೊತ್ತಿಗೆ ಸರಿಯಾಗಿ ಊಟಕ್ಕಿಟ್ಟು, ಹೊತ್ತಿಗೆ ಸರಿಯಾಗಿ ದೀಪ ಆರಿಸುತ್ತಿದ್ದಳು. "ಅಪ್ಪ ಮಗಳು ಇಷ್ಟು ಮಾತಾಡಿದ್ದು ನಾನು ಈ ಜನ್ಮದಲ್ಲಿ ನೋಡಿಲ್ಲ," ಎಂದು ಬಂದವರ ಹತ್ತಿರವೆಲ್ಲ ಹೇಳಿಕೊಂಡಳು.

ಪರೀಕ್ಷೆಯ ದಿನ ಬಂತು. ಮೈದಾನದ ಬೇಲಿಗೆ ಅಪ್ಪ ಅಮ್ಮಂದಿರು ಒತ್ತಿಕೊಂಡು ನಿಂತಿದ್ದರು. ಸೀಟಿ ಊದಿದ್ದೇ ತಡ, ಹುಡುಗಿಯರು ಕಿತ್ತುಕೊಂಡು ಓಡಿದರು. "ಓಡು! ಬಿಡಬೇಡ! ಇನ್ನೂ ಜೋರು!" ಎಂದು ಬೇಲಿಯ ಉದ್ದಕ್ಕೂ ಕೂಗಾಟ. ಅದರ ನಡುವೆ ಗಾರೆ ಮೇಸ್ತ್ರಿಯ ಗಂಟಲು ಮಾತ್ರ ಬೇರೆಯೇ ಕೂಗುತ್ತಿತ್ತು.

"ನಿಧಾನ ಮಗಳೇ! ನಿಧಾನ!"

ಎಲ್ಲರೂ ತಿರುಗಿ ನೋಡಿದರು. ಪಕ್ಕದಲ್ಲಿದ್ದವರು, "ಏನ್ ಯಜಮಾನ್ರೇ, ನಿಮ್ಮ ಮಗಳಿಗೆ ಕೆಲಸ ಸಿಗೋದು ಬೇಡ್ವಾ?" ಎಂದರು.

ಮಗಳು ಹಿಂದಿನ ಗುಂಪಿನಲ್ಲಿದ್ದಳು. ಮೇಸ್ತ್ರಿ ಬೇಲಿಯ ತಂತಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದ. ಮೊದಲ ಸುತ್ತು ಮುಗಿಯಿತು, ಅವಳ ಹೆಜ್ಜೆ ಬದಲಾಗಲಿಲ್ಲ. ಮುಂದಿದ್ದವರು ಒಬ್ಬೊಬ್ಬರಾಗಿ ಸೊಂಟಕ್ಕೆ ಕೈ ಕೊಟ್ಟರು. ಇವಳು ಒಬ್ಬೊಬ್ಬರನ್ನೇ ದಾಟುತ್ತ ಬಂದಳು. ಕೊನೆಯ ಸುತ್ತಿನ ತಿರುವಿನಲ್ಲಿ, ಹಿಂದಿನ ಸಲ ಕುಳಿತಿದ್ದ ಜಾಗದಲ್ಲೇ, ಅವಳು ಒಮ್ಮೆ ಅಪ್ಪನ ಕಡೆ ನೋಡಿ ವೇಗ ಏರಿಸಿದಳು. ಇನ್ನು ಕೂಗಬಹುದಾಗಿತ್ತು. "ಓಡು" ಎನ್ನಲು ಮೇಸ್ತ್ರಿ ಬಾಯಿ ತೆರೆದ. ಅಷ್ಟರಲ್ಲಿ ಅವಳು ತಿರುವು ದಾಟಿಯೇಬಿಟ್ಟಿದ್ದಳು. ಅವಳು ಗೆರೆ ದಾಟಿದಾಗ ಸಮಯ ಇನ್ನೂ ಉಳಿದಿತ್ತು.

ಅಧಿಕಾರಿ ಪಾಸಾದವರ ಸಾಲಿಗೆ ಅವಳನ್ನು ಕಳಿಸಿದರು. ಸಾಲು ಬಿಟ್ಟದ್ದೇ ಅವಳು ಬೇಲಿಯ ಹತ್ತಿರ ಬಂದಳು. ಮೇಸ್ತ್ರಿ ದಿನಾ ಕೇಳುವ ಪ್ರಶ್ನೆಯನ್ನೇ ಹೇಗೋ ಕೇಳಿದ.

"ಮಾತಾಡೋಕೆ ಆಗುತ್ತಾ ಮಗಳೇ?"

"ನನಗಾಗುತ್ತೆ ಅಪ್ಪಾ. ನಿನಗೆ?"

ಅವನಿಗೆ ಆಗಲಿಲ್ಲ. ಬೇಲಿಯ ಸಂದಿನಲ್ಲಿ ಕೈ ತೂರಿಸಿ ಮಗಳ ತಲೆ ಮೇಲಿಟ್ಟು, ಅಷ್ಟು ಜನರೆದುರಿಗೆ ಬಿಕ್ಕಿ ಬಿಕ್ಕಿ ಅತ್ತ. ಅಳುತ್ತಲೇ ಪಕ್ಕದವರಿಗೆ ಹೇಳಿದ: "ನನ್ನ ಮಗಳು ರೀ. ನನ್ನ ಮಗಳು."

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಓಡಲು ಹೊರಟಿರುವ ಎಲ್ಲರೂ ಈ ಮೇಸ್ತ್ರಿ ಸಿಸ್ಟರಿಂದ ಕಲಿತ ಮಾತು ಕೇಳಿ. ನಿಮ್ಮ ಗುರಿ ಕೆಲಸವಿರಲಿ, ಪದಕವಿರಲಿ, ಬರೀ ಆರೋಗ್ಯವಿರಲಿ, ನಡಿಗೆಯಿಂದ ಶುರು ಮಾಡಿ. ಹೆಚ್ಚಿನ ದಿನ ಮಾತಾಡಿಕೊಂಡು ಓಡುವಷ್ಟೇ ವೇಗ ಸಾಕು. ಜೋರು ಓಟ ವಾರಕ್ಕೊಮ್ಮೆ ಇರಲಿ. ದೂರವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ರಜೆಯ ದಿನ ಸೋಮಾರಿತನವಲ್ಲ, ಮೈ ಗಟ್ಟಿಯಾಗುವುದು ಆವತ್ತೇ. ಹೊಟ್ಟೆ ತುಂಬ ಉಣ್ಣಿ, ಕಣ್ಣು ತುಂಬ ನಿದ್ದೆ ಮಾಡಿ. ಮೂಳೆಯ ಮೇಲೆ ಒಂದೇ ಕಡೆ ನೋವಿದ್ದರೆ, ಎದೆ ನೋವು, ತಲೆಸುತ್ತು ಬಂದರೆ ಓಟ ನಿಲ್ಲಿಸಿ ಆರೋಗ್ಯ ಕೇಂದ್ರಕ್ಕೆ ಹೋಗಿ. ಬಹಳ ದಿನದ ಕಾಯಿಲೆ ಇರುವವರು ಮೊದಲೇ ಡಾಕ್ಟರನ್ನು ಕೇಳಿ.

ನಾಳೆ ಬೆಳಿಗ್ಗೆ ಮಗಳನ್ನೋ, ಅಪ್ಪನನ್ನೋ, ಪಕ್ಕದ ಮನೆಯವರನ್ನೋ ಕರೆದುಕೊಂಡು ಹೊರಡಿ. ದಾರಿಯುದ್ದಕ್ಕೂ ಮಾತಾಡಿ. ಹಾರ್ನ್ ಮನೆಯಲ್ಲೇ ಇರಲಿ.