ಮೂಸಿ ನೋಡಿ ಕೂರಿಸಿದ ಒಲೆ

ವಾರಕ್ಕೆ ನನಗಿರುವುದು ಒಂದೇ ರಜೆ. ಆ ದಿನವೇ ಅಕ್ಕನ ಫೋನು.

"ಹೊಸ ಒಲೆ ಹಳದಿಯಾಗಿ ಉರೀತಿದೆ ಕಣೋ, ಬೇಗ ಬಾ."

"ಯಾರು ಕೂರಿಸಿದ್ದು?"

"ನಿಮ್ಮ ಭಾವ. ನಿನ್ನೆ ರಜೆ ಹಾಕಿ, ನಾನು ಕೆಲಸಕ್ಕೆ ಹೋದಾಗ."

ಹನ್ನೆರಡು ವರ್ಷದಿಂದ ಗ್ಯಾಸ್ ಒಲೆ ಕೂರಿಸುವುದೇ ನನ್ನ ಹೊಟ್ಟೆಪಾಡು. ಹೆಂಡತಿಯ ತಮ್ಮ ಇದೇ ಕೆಲಸದಲ್ಲಿರುವಾಗ ಈ ಮಹಾನುಭಾವರು ಫೋನಿನಲ್ಲಿ ವಿಡಿಯೋ ನೋಡಿ, ಅಡುಗೆಕಟ್ಟೆಯ ಕಲ್ಲು ಕೊರೆಸಿ, ಒಲೆಯನ್ನು ಅದರೊಳಗೆ ಇಳಿಸಿದ್ದಾರಂತೆ! ಬೈಯುತ್ತಲೇ ಚೀಲ ಹೆಗಲಿಗೇರಿಸಿದೆ.

ಭಾವ ಬಾಗಿಲಲ್ಲೇ ಹಲ್ಲು ಬಿಟ್ಟುಕೊಂಡು ನಿಂತಿದ್ದರು. "ಇಷ್ಟಕ್ಕೆಲ್ಲ ನೀನ್ಯಾಕೋ ಬಂದೆ? ಬಾ, ತೋರಿಸ್ತೀನಿ." ತಡೀರಿ ಅನ್ನುವಷ್ಟರಲ್ಲಿ ಸಿಲಿಂಡರ್ ತೆರೆದು, ಒಲೆ ಹೊತ್ತಿಸಿಯೇಬಿಟ್ಟರು. ಉರಿ ನೀಲಿ. ಅಪ್ಪಟ ನೀಲಿ.

"ಎಲ್ಲಿದೆ ಹಳದಿ?" ಎಂದರು.

ನಾನು ಅಕ್ಕನನ್ನು ನೋಡಿದೆ. ಅವಳು ಕಿಟಕಿಯ ಕಡೆ ನೋಡಿದಳು. ರಜೆ ಹಾಳಾದ ಸಿಟ್ಟಿಗೆ ನನ್ನ ತಲೆ ಬಿಸಿಯಾಯಿತು.

"ಲೀಕ್ ಇದೆಯಾ ಅಂತ ನೋಡಿದ್ರಾ?"

"ಅಮ್ಮನೇ ಮೂಸಿ ನೋಡಿದ್ದಾಳೆ. ಏನೂ ಇಲ್ಲ ಅಂದಳು."

ಅಕ್ಕನ ಅತ್ತೆಯನ್ನು ನಾನೂ ಅತ್ತೆ ಅಂತಲೇ ಕರೆಯುವುದು. ಅವರ ಮೂಗು ಆ ಮನೆಯ ಹೈಕೋರ್ಟು. ಹಾಲು ಒಡೆದಿದೆಯೋ, ಬಟ್ಟೆ ಒಣಗಿದೆಯೋ, ನೆಲ ಸರಿಯಾಗಿ ಒರೆಸಿದ್ದಾರೋ, ಎಲ್ಲವನ್ನೂ ಅವರು ಮೂಸಿ ಹೇಳಬೇಕು. ಹೇಳಿದ ಮೇಲೆ ಮಾತಿಲ್ಲ. ಆದರೆ ಗ್ಯಾಸನ್ನೂ ಆ ಕೋರ್ಟಿಗೆ ಹಾಕುತ್ತಾರೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಒಲೆಯ ಕೆಳಗಿನ ಡ್ರಾಯರಿನತ್ತ ಬಗ್ಗಿದೆ. ಸಂದಿಯಿಂದಲೇ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು.

"ಆರಿಸಿ! ಮೊದಲು ಆರಿಸಿ!" ಎಂದು ಕಿರುಚಿ ನಾನೇ ಒಲೆ ಆರಿಸಿದೆ, ಸಿಲಿಂಡರ್ ಮುಚ್ಚಿದೆ. ಭಾವ ಗಾಬರಿಯಲ್ಲಿ ಹೊಗೆ ಎಳೆಯುವ ಫ್ಯಾನಿನ ಸ್ವಿಚ್ಚಿಗೆ ಕೈ ಹಾಕಿದರು. ಆ ಕೈಯನ್ನು ಫಟಾರನೆ ಹೊಡೆದು ಕೆಳಗಿಳಿಸಿದೆ. ಸ್ವಿಚ್ಚಿನ ಒಂದು ಕಿಡಿ ಸಾಕು, ನಾಲ್ಕು ಜನರ ಕಥೆ ಮುಗಿಯುವುದಕ್ಕೆ. "ಕಿಟಕಿ, ಬಾಗಿಲು ಎಲ್ಲ ತೆಗೀರಿ! ಸ್ವಿಚ್ ಮುಟ್ಟಿದವರನ್ನ ಸುಮ್ಮನೆ ಬಿಡಲ್ಲ!"

ಈ ಗಲಾಟೆಯಲ್ಲಿ ಅತ್ತೆ ನನ್ನ ಪಕ್ಕದಲ್ಲೇ ನಿಂತಿದ್ದರು. ನನ್ನ ಗಂಟಲು ಕೆರೆಯುತ್ತಿತ್ತು. ಅವರ ಮುಖದಲ್ಲಿ ಒಂದು ಗೆರೆಯೂ ಬದಲಾಗಿರಲಿಲ್ಲ. "ಏನಾಯ್ತಪ್ಪಾ?" ಎಂದರು.

ಮನೆಗೆಲ್ಲ ಚೆನ್ನಾಗಿ ಗಾಳಿಯಾಡಿದ ಮೇಲೆ ಡ್ರಾಯರ್ ಎಳೆದು ತೆಗೆದೆ. ಅಯ್ಯೋ ದೇವರೇ! ಹಳೆಯ ಒಲೆಯ ರಬ್ಬರ್ ಪೈಪನ್ನೇ ಹಾಕಿದ್ದರು. ಡ್ರಾಯರ್ ಮುಚ್ಚಿದಾಗಲೆಲ್ಲ ಅದರ ಹಿಂಭಾಗ ಪೈಪಿಗೆ ಗುದ್ದುತ್ತಿತ್ತು, ಗುದ್ದಿದ ಜಾಗ ಸೀಳಿತ್ತು. ಕ್ಲಿಪ್ಪಿನ ಬದಲು ಎರಡು ಸುತ್ತು ತಂತಿ. ಒಲೆಯನ್ನು ಎತ್ತೋಣವೆಂದರೆ ಅದು ಅಲ್ಲಾಡಲೊಲ್ಲದು. ಕೆಳಗಿನಿಂದ ಕೊಂಡಿ ಹಾಕಿ ಬಿಗಿಯಬೇಕಾದದ್ದನ್ನು ಕಲ್ಲಿಗೆ ಅಂಟು ಬಳಿದು ಕೂರಿಸಿದ್ದರು.

"ಮುಂದಿನ ಜನ್ಮಕ್ಕೂ ಬರಬಾರದು ಅಂತ ಅಂಟಿಸಿದ್ರಾ ಭಾವ?"

"ಗಟ್ಟಿಯಾಗಿರಲಿ ಅಂತ..."

"ಹೊಸ ಪೈಪು, ಎರಡು ಕ್ಲಿಪ್ಪು, ಗ್ಯಾಸ್ ಸೋರಿದ್ರೆ ಕೂಗೋ ಅಲಾರಾಂ. ತಗೊಂಡು ಬನ್ನಿ. ವಿಡಿಯೋ ನೋಡ್ತಾ ನಿಲ್ಲಬೇಡಿ!"

ಭಾವ ಅಂಗಡಿಗೆ ಓಡಿದರು. ಅಕ್ಕ ಒಳಕೋಣೆಗೆ ಹೋದಳು. ನಾನು ಚಾಕುವಿನಿಂದ ಅಂಟು ಕೊಯ್ಯುತ್ತಾ ಕೂತೆ. ಅತ್ತೆ ಮೆಲ್ಲಗೆ ಪಕ್ಕಕ್ಕೆ ಬಂದರು.

"ಅಷ್ಟು ವಾಸನೆ ಇತ್ತೇನಪ್ಪಾ?"

ಚಾಕು ನಿಂತಿತು. ನಾನು ತಲೆಯೆತ್ತಿ ನೋಡಿದೆ.

"ಎರಡು ವರ್ಷದ ಹಿಂದೆ ಜ್ವರ ಬಂತಲ್ಲ, ಆವಾಗಿಂದ ಏನೂ ಗೊತ್ತಾಗಲ್ಲ. ಯಾರಿಗೂ ಹೇಳಬೇಡ. ಗೊತ್ತಾದ್ರೆ ಅಡುಗೆಮನೆಗೇ ಬಿಡಲ್ಲ. ಟಿವಿ ನೋಡ್ತಾ ಕೂತಿರು ಅಂತಾರೆ. ಆಮೇಲೆ ಈ ಮನೇಲಿ ನನಗೇನಿದೆ?"

ಪಾಪ ಅನ್ನಿಸಿತು, ಸಿಟ್ಟೂ ನೆತ್ತಿಗೇರಿತು. ಬೆಳಿಗ್ಗೆ ಎಂಟಕ್ಕೆ ಅಕ್ಕ, ಭಾವ ಇಬ್ಬರೂ ಕೆಲಸಕ್ಕೆ ಹೊರಡುತ್ತಾರೆ. ಸಂಜೆಯವರೆಗೆ ಈ ಒಲೆಯ ಮುಂದೆ ಇವರೊಬ್ಬರೇ. ಗ್ಯಾಸ್ ಮನೆ ತುಂಬಿದರೂ ಗೊತ್ತಾಗದವರು!

"ನೀವು ಹೇಳ್ತೀರಾ, ಇಲ್ಲ ನಾನು ಹೇಳ್ಲಾ ಅತ್ತೆ? ಮೂರನೇ ದಾರಿ ಇಲ್ಲ."

ಅವರು ಸೆರಗಿನ ತುದಿಯನ್ನು ಮಡಚುತ್ತಾ, ಬಿಚ್ಚುತ್ತಾ ನಿಂತರು.

ಭಾವ ಸಾಮಾನು ತಂದರು. ಪೈಪನ್ನು ಡ್ರಾಯರ್ ತಾಗದ ಹಾಗೆ ಪಕ್ಕದಿಂದ ಎಳೆದು, ಕ್ಲಿಪ್ ಬಿಗಿದೆ. ಒಲೆಯ ಅಂಚಿನಡಿ ರಬ್ಬರ್ ಪಟ್ಟಿ ಕೊಟ್ಟು ಕೊಂಡಿ ಹಾಕಿದೆ. ಸೋರಿ ಕೆಳಗೇ ನಿಲ್ಲುವ ಗ್ಯಾಸ್ ಹೊರಹೋಗಲೆಂದು ಒಲೆಯಡಿಯ ಕಪಾಟಿನ ತಳದಲ್ಲಿ ತೂತು ಕೊರೆದೆ, ಅಲಾರಾಂ ಅನ್ನು ನೆಲದ ಹತ್ತಿರ ಕೂರಿಸಿದೆ. ಆಮೇಲೆ ಸಿಲಿಂಡರ್ ತೆರೆದು, ಸೋಪಿನ ನೀರನ್ನು ಬ್ರಶ್ಶಿನಲ್ಲಿ ಪ್ರತಿ ಜೋಡಣೆಗೂ ಬಳಿದೆ. ಒಂದು ಗುಳ್ಳೆಯೂ ಏಳಲಿಲ್ಲ.

"ಮುಗೀತಲ್ಲ," ಎಂದರು ಭಾವ. "ಅಮ್ಮಾ, ಎಲ್ಲಿ, ಒಂದ್ಸಲ ಮೂಸಿ ಹೇಳಿಬಿಡು."

ಇಷ್ಟಾದ ಮೇಲೂ! ಬ್ರಶ್ಶಿನಲ್ಲೇ ಅವರ ತಲೆಗೆ ಕುಟ್ಟೋಣ ಅನ್ನಿಸಿತು. ಅಷ್ಟರಲ್ಲಿ ಅತ್ತೆ ಬಗ್ಗಿ, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದರು.

"ಏನೂ ಇಲ್ಲ," ಎಂದರು. ನಾನು ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದರು. "ನಿನ್ನೆಯೂ ಏನೂ ಇಲ್ಲ ಅಂದೆ. ಹೂವಿಟ್ಟರೂ ಅಷ್ಟೇ, ಹೆಗ್ಗಣ ಸತ್ತರೂ ಅಷ್ಟೇ. ಎರಡು ವರ್ಷದಿಂದ ನನಗೆ ವಾಸನೆಯೇ ಬರಲ್ಲ ಕಣೋ."

"ಏನಮ್ಮಾ ಇದು!" ಎಂದರು ಭಾವ. ಅಕ್ಕ ಮಾತ್ರ ನೆಲ ನೋಡುತ್ತಾ ಹೇಳಿದಳು: "ಗೊತ್ತು ಅತ್ತೆ."

"ಏನು ಗೊತ್ತು?"

"ವರ್ಷದ ಮೇಲಾಯ್ತು. ಹಾಲು ನಿಮ್ಮ ಕೈಗೆ ಕೊಡೋ ಮುಂಚೆ ನಾನೇ ಮೂಸಿ ನೋಡ್ತಿದ್ದೆ. ಕೆಟ್ಟಿದ್ರೆ ಚೆಲ್ಲಿಬಿಡ್ತಿದ್ದೆ, ನಿಮ್ಮ ಹತ್ತಿರ ತರ್ತಾನೇ ಇರಲಿಲ್ಲ. ನಿನ್ನೆ ಸಂಜೆ ಇಲ್ಲಿ ಏನೋ ವಾಸನೆ ಅನ್ನಿಸ್ತು. ಇವರು, ಅಮ್ಮ ಮೂಸಿದ್ದಾಳೆ ಅಂದ್ರು. ನಿಮಗೆ ವಾಸನೆ ಬರಲ್ಲ ಅಂತ ಹೇಗೆ ಹೇಳ್ಲಿ? ಸಿಲಿಂಡರ್ ಮುಚ್ಚಿ ತಮ್ಮನಿಗೆ ಹಳದಿ ಉರಿ ಅಂತ ಸುಳ್ಳು ಹೇಳಿದೆ."

"ನಿಮ್ಮ ಮನೆ ಮರ್ಯಾದೆಗೆ ಬೆಂಕಿ ಬೀಳ!" ಎಂದು ನಾನು ಕಿರುಚಿದೆ. "ಒಬ್ಬರು ಮುಚ್ಚಿಡೋದು, ಇನ್ನೊಬ್ಬರು ಮುಚ್ಚಿಟ್ಟಿದ್ದನ್ನ ಮುಚ್ಚಿಡೋದು! ಈಗಷ್ಟೇ ಎಲ್ಲರೂ ಒಟ್ಟಿಗೆ ಹಾರಿಹೋಗ್ತಿದ್ವಿ!"

ಅಕ್ಕ ಗಳಗಳ ಅತ್ತುಬಿಟ್ಟಳು. ಅತ್ತೆ ನನ್ನ ಕೈಯಿಂದ ಬ್ರಶ್ ಕಿತ್ತುಕೊಂಡರು.

"ಇದನ್ನ ಹೇಗೆ ಹಚ್ಚೋದು ಅಂತ ನನಗೆ ಹೇಳಿಕೊಡು. ಕಣ್ಣು ಚೆನ್ನಾಗೇ ಇದೆ, ಗುಳ್ಳೆ ನಾನು ನೋಡ್ತೀನಿ." ಅಕ್ಕನ ಕಡೆ ತಿರುಗಿದರು. "ನೀನು ಮೂಸು. ಕದ್ದು ಅಲ್ಲ. ನನ್ನ ಮುಂದೆ ಮೂಸಿ, ಎಲ್ಲರಿಗೂ ಕೇಳೋ ಹಾಗೆ ಜೋರಾಗಿ ಹೇಳು."

ಅಕ್ಕ ಕಣ್ಣೊರೆಸಿಕೊಂಡು ಬಗ್ಗಿದಳು. ಒಂದು ಸಲ ಉಸಿರೆಳೆದಳು, ಇನ್ನೊಂದು ಸಲ ಎಳೆದಳು.

"ಅತ್ತು ಅತ್ತು ಮೂಗು ಕಟ್ಟಿದೆ ಅತ್ತೆ. ಏನೂ ಗೊತ್ತಾಗ್ತಿಲ್ಲ."

"ಸರಿಹೋಯ್ತು!" ಎಂದೆ ನಾನು. ಅತ್ತೆ ಆಗಲೇ ಸೆರಗು ಸಿಕ್ಕಿಸಿ, ಸೋಪಿನ ನೀರಿನ ಬಟ್ಟಲು ಹಿಡಿದು ಕೆಳಗೆ ಕೂತಿದ್ದರು.